ಇಬ್ಬರೂ ತಪ್ಪೇ ಮಾಡದಿದ್ದರೆ ಚದುರಂಗದಲ್ಲಿ ಏನಾಗುತ್ತದೆ?

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರಿಗೆ ಚೆಸ್ ಆಡಲು ಕಲಿಸುವುದು ಹೇಗೆ ಎಂಬ ಬಗ್ಗೆ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1950ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಒಂದು ಕಲ್ಪನೆ ಬರುತ್ತದೆ. ತಪ್ಪು ಮಾಡುವುದೇ ಗೊತ್ತಿಲ್ಲದ ಇಬ್ಬರು ಆಟಗಾರರು ಎದುರುಬದುರು ಕೂರುತ್ತಾರೆ, ಕಾಯಿಗಳತ್ತ ಒಮ್ಮೆ ನೋಡುತ್ತಾರೆ. ಆಮೇಲೆ ಮೊದಲನೆಯವರು ‘ನಾನು ಸೋತೆ’ ಅನ್ನುತ್ತಾರೆ. ಇಲ್ಲವೇ ಎರಡನೆಯವರು ಹಾಗನ್ನುತ್ತಾರೆ. ಅದೂ ಅಲ್ಲದಿದ್ದರೆ ಒಬ್ಬರು ‘ಡ್ರಾ ಮಾಡಿಕೊಳ್ಳೋಣ’ ಎನ್ನುತ್ತಾರೆ, ಇನ್ನೊಬ್ಬರು ಒಪ್ಪುತ್ತಾರೆ. ಅಲ್ಲಿಗೆ ಆಟ ಮುಗಿಯಿತು.

ಈ ಮೂರರಲ್ಲಿ ನಡೆಯುವುದು ಯಾವುದು ಎಂಬುದೇ ಇವತ್ತಿನ ವಿಷಯ. ಆಟ ಬಲ್ಲ ಯಾರನ್ನೇ ಕೇಳಿ, ‘ಡ್ರಾ’ ಎಂದೇ ಹೇಳುತ್ತಾರೆ. ನನ್ನ ನಂಬಿಕೆಯೂ ಅದೇ. ಆದರೆ ನಂಬುವುದಕ್ಕೂ ಸಾಬೀತು ಮಾಡುವುದಕ್ಕೂ ನಡುವಿನ ದೂರ ಚೆಸ್‌ನಲ್ಲಿ ಎಷ್ಟಿದೆ, ಆ ದೂರವನ್ನು ಲಘುವಾಗಿ ಕಂಡವರಿಗೆ ಈ ಆಟ ಹೇಗೆ ಪಾಠ ಕಲಿಸಿದೆ ಎಂಬುದನ್ನು ನಿಮ್ಮ ಮುಂದಿಡಬೇಕೆಂದು ಬಂದಿದ್ದೇನೆ.

ಮೊದಲು, ಖಚಿತವಾಗಿ ಗೊತ್ತಿರುವುದನ್ನು ನೋಡೋಣ. ಜರ್ಮನಿಯ ಗಣಿತಜ್ಞ ಅರ್ನ್ಸ್ಟ್ ಝೆರ್ಮೆಲೊ 1912ರಲ್ಲಿ ಕೇಂಬ್ರಿಜ್‌ನಲ್ಲಿ ನಡೆದ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಒಂದು ಭಾಷಣ ಮಾಡಿದರು, ಮರುವರ್ಷ ಅದು ಅಚ್ಚಾಯಿತು. ಅದರ ತಿರುಳು ಇಷ್ಟು: ಚೆಸ್‌ಗೆ ಒಂದು ಉತ್ತರ ಇದ್ದೇ ಇದೆ. ಒಂದೋ ಬಿಳಿಯ ಬಳಿ ಎದುರಾಳಿ ಏನೇ ಆಡಿದರೂ ಗೆಲ್ಲುವ ದಾರಿ ಇದೆ, ಇಲ್ಲವೇ ಕಪ್ಪಿನ ಬಳಿ ಅಂಥದ್ದು ಇದೆ, ಎರಡೂ ಇಲ್ಲದಿದ್ದರೆ ಸೋಲದೇ ಉಳಿಯುವ ದಾರಿ ಇಬ್ಬರ ಬಳಿಯೂ ಇದೆ. ನಾಲ್ಕನೆಯ ಸಾಧ್ಯತೆ ಇಲ್ಲ. ವಾದದಲ್ಲಿ ಉಳಿದಿದ್ದ ಬಿರುಕುಗಳನ್ನು 1920ರ ದಶಕದ ಕೊನೆಯಲ್ಲಿ ಹಂಗೇರಿಯ ಡೆನೆಸ್ ಕೋನಿಗ್ ಮತ್ತು ಲಾಸ್ಲೊ ಕಲ್ಮಾರ್ ಮುಚ್ಚಿದರು.

ಇವತ್ತು ಇದನ್ನು ಹೀಗೆ ವಿವರಿಸುತ್ತೇವೆ. ಹಲಗೆಯ ಮೇಲೆ ಕಾಯಿಗಳು ನಿಲ್ಲಬಹುದಾದ ಎಲ್ಲ ಸ್ಥಿತಿಗಳನ್ನೂ ಮುಂದೆ ಹರವಿಕೊಂಡಿದ್ದೇವೆ ಅಂದುಕೊಳ್ಳಿ. ಚೆಕ್‌ಮೇಟ್ ಆಗಿಹೋಗಿರುವ ಸ್ಥಿತಿಗಳಿಗೆ, ಈಗ ಆಡಬೇಕಾದವರ ಪಾಲಿಗೆ, ‘ಸೋಲು’ ಎಂಬ ಗುರುತು ಹಾಕಿ. ಯಾವ ಸ್ಥಿತಿಯಿಂದ ಒಂದು ನಡೆಯಲ್ಲಿ ಎದುರಾಳಿಯನ್ನು ‘ಸೋಲು’ ಗುರುತಿಗೆ ತಳ್ಳಬಹುದೋ ಅದಕ್ಕೆ ‘ಗೆಲುವು’ ಎಂಬ ಗುರುತು. ಯಾವ ಸ್ಥಿತಿಯಲ್ಲಿ ಎಲ್ಲ ನಡೆಗಳೂ ಎದುರಾಳಿಯನ್ನು ‘ಗೆಲುವು’ ಗುರುತಿಗೆ ತಲುಪಿಸುತ್ತವೋ ಅದು ‘ಸೋಲು’. ಹೀಗೆ ಹಿಂದಕ್ಕೆ ಹಿಂದಕ್ಕೆ ಬನ್ನಿ. ಹಾಕಲು ಹೊಸ ಗುರುತು ಯಾವುದೂ ಉಳಿಯದಿದ್ದಾಗ, ಖಾಲಿ ಉಳಿದ ಸ್ಥಿತಿಗಳೆಲ್ಲ ಡ್ರಾ. ಆಟ ಶುರುವಾಗುವ ಸ್ಥಿತಿಯೂ ಈ ಹರವಿನಲ್ಲಿ ಎಲ್ಲೋ ಒಂದು ಕಡೆ ಇದೆ, ಅದಕ್ಕೂ ಮೂರರಲ್ಲಿ ಒಂದು ಹಣೆಬರಹ ಇದೆ. ಅದೃಷ್ಟದ ಮಾತು ಇಲ್ಲಿಲ್ಲ. ದಾಳ ಉರುಳುವುದಿಲ್ಲ, ಮುಚ್ಚಿಟ್ಟ ಎಲೆಗಳಿಲ್ಲ. ಉತ್ತರ ಇದೆ, ಅದು ಯಾವುದೆಂದು ನಮಗೆ ತಿಳಿದಿಲ್ಲ, ಅಷ್ಟೆ.

ಎಷ್ಟು ತಿಳಿದಿಲ್ಲ ಎಂದರೆ, ಕಪ್ಪು ಗೆಲ್ಲುವುದಿಲ್ಲ ಎಂಬುದನ್ನೂ ಯಾರೂ ಸಾಬೀತು ಮಾಡಿಲ್ಲ. ‘ಮೊದಲು ಆಡುವವರಿಗೆ ಅನುಕೂಲ ತಾನೇ, ಅವರು ಸೋಲುವುದು ಹೇಗೆ?’ ಎಂದು ನೀವು ಕೇಳಬಹುದು. ಆ ಅನುಕೂಲ ಚೆಸ್‌ನಲ್ಲಿ ಯಾವಾಗಲೂ ಅನುಕೂಲವಾಗಿಯೇ ಇರುವುದಿಲ್ಲ.

ಒಂದು ಚಿಕ್ಕ ಸ್ಥಿತಿ ನೋಡೋಣ. (ಹಲಗೆಯ ಉದ್ದ ಸಾಲುಗಳಿಗೆ ಬಿಳಿಯ ಎಡಗಡೆಯಿಂದ ಎ ಇಂದ ಎಚ್‌ವರೆಗೆ ಅಕ್ಷರ, ಅಡ್ಡ ಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಅಂಕಿ; ಎರಡೂ ಸೇರಿ ಒಂದು ಮನೆಯ ಹೆಸರು.) ಬಿಳಿಯ ರಾಜ ಡಿ5ರಲ್ಲಿ, ಬಿಳಿಯ ಕಾಲಾಳು ಇ4ರಲ್ಲಿ. ಕಪ್ಪು ರಾಜ ಎಫ್4ರಲ್ಲಿ, ಕಪ್ಪು ಕಾಲಾಳು ಇ5ರಲ್ಲಿ. ಹಲಗೆಯ ಮೇಲೆ ಬೇರೇನೂ ಇಲ್ಲ. ಎರಡೂ ಕಾಲಾಳುಗಳು ಒಂದನ್ನೊಂದು ತಡೆದು ನಿಂತಿವೆ. ಪ್ರತಿ ರಾಜನೂ ತನ್ನ ಕಾಲಾಳನ್ನು ಕಾಯುತ್ತಾ, ಎದುರಾಳಿಯ ಕಾಲಾಳಿನ ಮೇಲೆ ಕಣ್ಣಿಟ್ಟಿದ್ದಾನೆ. ಈಗ ಸರದಿ ಬಿಳಿಯದಾದರೆ, ರಾಜ ಜಾಗ ಬಿಡಲೇಬೇಕು. ಬಿಟ್ಟ ಕೂಡಲೇ ಕಪ್ಪು ರಾಜ ಇ4ರ ಕಾಲಾಳನ್ನು ಹೊಡೆಯುತ್ತಾನೆ, ಉಳಿದ ತನ್ನ ಕಾಲಾಳನ್ನು ಕೊನೆಯವರೆಗೆ ನಡೆಸಿ ರಾಣಿ ಮಾಡುತ್ತಾನೆ. ಸರದಿ ಕಪ್ಪಿನದಾದರೆ ಇದೇ ಕಥೆ ತಿರುಗುಮುರುಗು. ಯಾರ ಸರದಿಯೋ ಅವರು ಸೋತರು! ಸರದಿ ಬಿಟ್ಟುಕೊಡುವ ಅವಕಾಶ ಇದ್ದಿದ್ದರೆ ಇಬ್ಬರೂ ಸುಮ್ಮನಿದ್ದು ಡ್ರಾ ಆಗುತ್ತಿತ್ತು. ಆದರೆ ಚೆಸ್‌ನಲ್ಲಿ ಆಡಲೇಬೇಕು. ಆಟಗಾರರು ಇದನ್ನು ಝುಗ್‌ಜ್ವಾಂಗ್ ಎನ್ನುತ್ತಾರೆ. ಆಡಬೇಕಾದ ಕರ್ಮವೇ ಮುಳುವಾಗುವ ಪರಿಸ್ಥಿತಿ.

32 ಕಾಯಿಗಳಿರುವ ಆರಂಭದ ಸ್ಥಿತಿಯೇ ಇಂಥದ್ದೊಂದು ದೈತ್ಯ ಝುಗ್‌ಜ್ವಾಂಗ್ ಆಗಿದ್ದರೆ? ಯಾರೂ ಹಾಗೆ ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಆದರೆ ಅಲ್ಲ ಎಂದು ತೋರಿಸುವ ತರ್ಕ ನಮ್ಮ ಕೈಯಲ್ಲಿಲ್ಲ.

ನಿಯಮವನ್ನು ತುಸು ಬದಲಿಸಿದರೆ ಆ ತರ್ಕ ಸಿಕ್ಕಿಬಿಡುತ್ತದೆ. ನನಗೆ ಬಹಳ ಪ್ರಿಯವಾದ ವಾದ ಇದು. ಪ್ರತಿ ಸರದಿಯಲ್ಲೂ ಎರಡೆರಡು ನಡೆ ಆಡುವ ಚೆಸ್ ಒಂದಿದೆ ಎಂದುಕೊಳ್ಳಿ. ಈ ಆಟದಲ್ಲಿ ಕಪ್ಪಿಗೆ ಖಚಿತ ಗೆಲುವಿನ ದಾರಿ ಇದೆ ಎಂದು ಯಾರೋ ವಾದಿಸುತ್ತಾರೆ. ಸರಿ, ಬಿಳಿ ತನ್ನ ಮೊದಲ ಸರದಿಯಲ್ಲಿ ಕುದುರೆಯನ್ನು ಬಿ1ರಿಂದ ಸಿ3ಕ್ಕೆ ನೆಗೆಸಿ, ಎರಡನೇ ನಡೆಯಲ್ಲಿ ಮತ್ತೆ ಬಿ1ಕ್ಕೇ ತರುತ್ತದೆ. ಹಲಗೆ ಮೊದಲಿದ್ದಂತೆಯೇ ಇದೆ, ಆದರೆ ಸರದಿ ಕಪ್ಪಿನದು. ಈಗ ಕಪ್ಪೇ ‘ಮೊದಲು ಆಡುವವರು’, ಬಿಳಿ ‘ಎರಡನೆಯವರು’. ಎರಡನೆಯವರಿಗೆ ಗೆಲುವು ಖಚಿತ ಎಂದಿದ್ದರಲ್ಲ, ಆ ದಾರಿ ಈಗ ಬಿಳಿಯ ಕೈಗೆ ಬಂತು. ಇಬ್ಬರೂ ಗೆಲ್ಲಲು ಸಾಧ್ಯವಿಲ್ಲ, ಹಾಗಾಗಿ ಕಪ್ಪಿಗೆ ಅಂಥ ದಾರಿ ಇರಲಾರದು. ಅಂದರೆ ಬಿಳಿಗೆ ಕನಿಷ್ಠ ಡ್ರಾ ಕಟ್ಟಿಟ್ಟದ್ದು. ಒಂದೇ ಒಂದು ಆಟವನ್ನೂ ಆಡದೆ, ಕಂಪ್ಯೂಟರ್ ಮುಟ್ಟದೆ ಸಾಬೀತಾಯಿತು. ನಾವು ನಿಜವಾಗಿ ಆಡುವ ಚೆಸ್‌ನಲ್ಲಿ ಹೀಗೆ ಸರದಿಯನ್ನು ದಾಟಿಸುವ ಉಪಾಯ ಇಲ್ಲದ್ದರಿಂದ ವಾದ ಅಲ್ಲಿಗೇ ನಿಂತುಹೋಗುತ್ತದೆ.

ಇನ್ನು ನಂಬಿಕೆಗಳ ವಿಚಾರ. ಇಬ್ಬರೂ ಸರಿಯಾಗಿ ಆಡಿದರೆ ಸಮತೋಲ ಕೆಡುವುದಿಲ್ಲ, ಆಟ ಡ್ರಾ ಆಗಬೇಕು ಎಂಬುದು ಮೊದಲ ವಿಶ್ವ ಚಾಂಪಿಯನ್ ವಿಲ್ಹೆಲ್ಮ್ ಸ್ಟೈನಿಟ್ಜ್ ಅವರ ನಿಲುವು. ಬಾಬಿ ಫಿಷರ್ ಕೂಡ ಅದನ್ನೇ ಹೇಳಿದ್ದರು. ಒಪ್ಪದವರೂ ಇದ್ದರು. ಅಮೆರಿಕದ ವೀವರ್ ಆಡಮ್ಸ್ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದರೆ ಬಿಳಿ ಗೆಲ್ಲಲೇಬೇಕು ಎಂದು 1939ರಲ್ಲಿ ಪುಸ್ತಕವನ್ನೇ ಬರೆದರು. ಅಂಚೆ ಚೆಸ್‌ನ ವಿಶ್ವ ಚಾಂಪಿಯನ್ ಆಗಿದ್ದ, ಕಂಪ್ಯೂಟರ್ ವಿಜ್ಞಾನಿಯೂ ಆಗಿದ್ದ ಹ್ಯಾನ್ಸ್ ಬರ್ಲಿನರ್ 1999ರಲ್ಲಿ ರಾಣಿಯ ಮುಂದಿನ ಕಾಲಾಳಿನ ಪರವಾಗಿ ಅಂಥದ್ದೇ ವಾದ ಹೂಡಿದರು. ಇವರನ್ನು ನಾನು ಗೌರವದಿಂದ ನೆನೆಯುತ್ತೇನೆ. ಪ್ರಶ್ನೆ ಇನ್ನೂ ತೆರೆದಿದೆ ಎಂಬುದನ್ನು ಮರೆಯದೆ, ಒಂದು ಪಕ್ಷ ಹಿಡಿದು, ತಮ್ಮ ನಡೆಗಳನ್ನು ಎಲ್ಲರ ಪರೀಕ್ಷೆಗೆ ಮುಂದಿಟ್ಟವರು ಇವರು. ಅವರು ಕೊಟ್ಟ ದಾರಿಗಳಲ್ಲಿ ಕಪ್ಪಿಗೆ ಸಾಕಷ್ಟು ಒಳ್ಳೆಯ ಉತ್ತರಗಳು ಸಿಕ್ಕವು, ನಿಜ.

ಡ್ರಾ ಎಂದು ನಂಬಲು ನನಗೆ ಕಾಣುವ ದೊಡ್ಡ ಕಾರಣ ಆಟದ ನಿಯಮಗಳಲ್ಲೇ ಇದೆ. ಚೆಸ್‌ನಲ್ಲಿ ಸ್ವಲ್ಪ ಮೇಲುಗೈ ಸಾಧಿಸಿದರೆ ಸಾಲದು, ಗೆಲ್ಲಲು ತುಂಬಾ ಮೇಲುಗೈ ಬೇಕು. ಎಲ್ಲ ಕಾಯಿಗಳೂ ಹೋಗಿ ನಿಮ್ಮಲ್ಲಿ ರಾಜನ ಜೊತೆ ಒಂದು ಒಂಟೆ ಹೆಚ್ಚಿಗೆ ಉಳಿದಿದೆ ಅನ್ನಿ. ಡ್ರಾ. ಒಂದು ಕುದುರೆ ಉಳಿದರೂ ಡ್ರಾ. ಎರಡು ಕುದುರೆಗಳಿದ್ದರೂ ಒಂಟಿ ರಾಜನನ್ನು ಬಲವಂತವಾಗಿ ಮೇಟ್ ಮಾಡಲಾಗದು! ಇನ್ನೂ ವಿಚಿತ್ರ ಎಂದರೆ, ಒಂದು ಒಂಟೆ ಮತ್ತು ಹಲಗೆಯ ಅಂಚಿನ ಸಾಲಿನ ಒಂದು ಕಾಲಾಳು ನಿಮ್ಮಲ್ಲಿದ್ದು, ಆ ಕಾಲಾಳು ರಾಣಿಯಾಗಬೇಕಾದ ಮೂಲೆಯ ಬಣ್ಣ ನಿಮ್ಮ ಒಂಟೆ ಓಡಾಡುವ ಬಣ್ಣವಲ್ಲದಿದ್ದರೆ, ಎದುರಾಳಿಯ ರಾಜ ಆ ಮೂಲೆ ಸೇರಿಕೊಂಡು ಕೂತರೆ ಮುಗಿಯಿತು, ಅವನನ್ನು ಕದಲಿಸುವವರಿಲ್ಲ. ಇಷ್ಟು ಅಗಲವಾದ ಡ್ರಾ ಪಟ್ಟಿ ನಡುವೆ ಹಾಸಿರುವಾಗ, ಮೊದಲು ಆಡಿದ ಒಂದು ನಡೆಯ ಲಾಭ ಅದನ್ನು ದಾಟಿಸುವಷ್ಟು ದೊಡ್ಡದೇ? ನನಗೆ ಹಾಗನ್ನಿಸುವುದಿಲ್ಲ.

ಆಟದ ದಾಖಲೆಗಳೂ ಇದೇ ಕಡೆ ಬೊಟ್ಟು ಮಾಡುತ್ತವೆ. ಎಲ್ಲ ಮಟ್ಟದ ಟೂರ್ನಿಗಳನ್ನು ಸೇರಿಸಿ ನೋಡಿದರೆ ಬಿಳಿ ಗಳಿಸುವ ಅಂಕ ನೂರಕ್ಕೆ 54ರಿಂದ 55. ಅಂದರೆ ಅನುಕೂಲ ಇದೆ, ಚಿಕ್ಕದು. 2018ರಲ್ಲಿ ಲಂಡನ್‌ನಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಮತ್ತು ಫ್ಯಾಬಿಯಾನೊ ಕರುವಾನಾ ನಡುವಿನ ವಿಶ್ವ ಚಾಂಪಿಯನ್‌ಷಿಪ್‌ನ 12 ಕ್ಲಾಸಿಕಲ್ (ಯೋಚಿಸಲು ದೀರ್ಘ ಸಮಯವಿರುವ) ಆಟಗಳೂ ಡ್ರಾ ಆದವು. ಎಂಜಿನ್‌ಗಳ (ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಮ್‌ಗಳ) ನೆರವು ಪಡೆಯಲು ಅವಕಾಶವಿರುವ ಅಂಚೆ ಚೆಸ್‌ನ ಉನ್ನತ ಮಟ್ಟದಲ್ಲಿ ಈಗ ಗೆಲುವು ಅಪರೂಪ. ಕಂಪ್ಯೂಟರುಗಳ ನಡುವಿನ ಪಂದ್ಯಾವಳಿಗಳಲ್ಲಿ ಸಹಜ ಆರಂಭದಿಂದ ಆಡಿಸಿದರೆ ಫಲಿತಾಂಶವೇ ಬರುವುದಿಲ್ಲವೆಂದು, ಒಂದು ಪಕ್ಷಕ್ಕೆ ಬೇಕೆಂದೇ ತೊಂದರೆಯಿರುವ ಆರಂಭಗಳನ್ನು ಕೊಟ್ಟು, ಬಣ್ಣ ಬದಲಿಸಿ ಎರಡೆರಡು ಸಲ ಆಡಿಸುತ್ತಾರೆ.

ಇವುಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆಂದು ತೋರುವುದು ಬೇರೊಂದು ಪ್ರಯೋಗ. ಡೀಪ್‌ಮೈಂಡ್‌ನ ಸಂಶೋಧಕರು ಮಾಜಿ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಜೊತೆ ಸೇರಿ 2020ರಲ್ಲಿ ಪ್ರಕಟಿಸಿದ ಕೆಲಸ. ಆ ಕೃತಕ ಬುದ್ಧಿಮತ್ತೆ ಸಂಸ್ಥೆಯ ಚೆಸ್ ಪ್ರೋಗ್ರಾಮ್ ಆಲ್ಫಾಝೀರೊ ತನ್ನ ವಿರುದ್ಧ ತಾನೇ ಆಡಿತು. ಒಂದೊಂದು ನಡೆಗೆ ಒಂದು ಸೆಕೆಂಡ್ ಕೊಟ್ಟಾಗ ನೂರಕ್ಕೆ ಸುಮಾರು 88 ಆಟಗಳು ಡ್ರಾ. ಒಂದು ನಿಮಿಷ ಕೊಟ್ಟಾಗ ಸುಮಾರು 98. ಇಲ್ಲಿ ಸಂಖ್ಯೆಗಿಂತ ಅದು ಏರಿದ ದಿಕ್ಕು ಮುಖ್ಯ. ಬಿಳಿಗೆ ನಿಜವಾಗಿ ಗೆಲುವಿನ ದಾರಿ ಇದ್ದು, ಹೆಚ್ಚು ಯೋಚಿಸಿದಷ್ಟೂ ಅದು ಕೈಗೆಟುಕುವಂತಿದ್ದರೆ, ಸಮಯ ಹೆಚ್ಚಿದಂತೆ ಬಿಳಿಯ ಗೆಲುವುಗಳು ಹೆಚ್ಚಬೇಕಿತ್ತು. ಆದದ್ದು ತದ್ವಿರುದ್ಧ. ತಪ್ಪುಗಳು ಕಡಿಮೆಯಾದಷ್ಟೂ ಆಟ ನಡುವಿನತ್ತ ಸರಿಯಿತು.

ಸಭಿಕರೊಬ್ಬರು ಇಲ್ಲಿ ತಡೆದು, ‘ಇಷ್ಟು ಸಾಕ್ಷ್ಯ ಇದ್ದ ಮೇಲೆ ಇನ್ನೇನು ಅನುಮಾನ ಸರ್?’ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರವಾಗಿ ಎರಡು ಒಂಟೆ ಮತ್ತು ಒಂದು ಕುದುರೆಯ ಕಥೆ ಹೇಳುತ್ತೇನೆ.

ಒಬ್ಬರ ಬಳಿ ರಾಜ ಮತ್ತು ಎರಡು ಒಂಟೆ, ಇನ್ನೊಬ್ಬರ ಬಳಿ ರಾಜ ಮತ್ತು ಕುದುರೆ. 1851ರಲ್ಲಿ ಜೋಸೆಫ್ ಕ್ಲಿಂಗ್ ಮತ್ತು ಬರ್ನಾರ್ಡ್ ಹಾರ್ವಿಟ್ಜ್ ಈ ಅಂತ್ಯದಾಟದಲ್ಲಿ ದುರ್ಬಲ ಪಕ್ಷಕ್ಕೆ ಒಂದು ಕೋಟೆಯನ್ನು ತೋರಿಸಿಕೊಟ್ಟರು: ಕುದುರೆಯನ್ನು ಬಿ7ರಂಥ ಮನೆಯಲ್ಲಿ ನಿಲ್ಲಿಸಿ, ರಾಜನನ್ನು ಅದರ ಪಕ್ಕದಲ್ಲಿ ಕಾವಲಿಗಿಡುವುದು. ಒಂಟೆಗಳು ಎಷ್ಟೇ ಸುತ್ತಿದರೂ ಇದನ್ನು ಒಡೆಯಲಾಗದು, ಆಟ ಡ್ರಾ ಎಂಬುದು ಸ್ಥಿರವಾಯಿತು. ನೂರಕ್ಕೂ ಹೆಚ್ಚು ವರ್ಷ ಪಠ್ಯಗಳು ಇದನ್ನೇ ಕಲಿಸಿದವು. ಎಲ್ಲರ ಅನುಭವವೂ ಅದನ್ನೇ ಹೇಳುತ್ತಿತ್ತು. 1983ರಲ್ಲಿ ಕೆನ್ ಥಾಂಪ್ಸನ್ — ಯುನಿಕ್ಸ್ ಎಂಬ ಕಂಪ್ಯೂಟರ್ ಕಾರ್ಯಾಚರಣಾ ವ್ಯವಸ್ಥೆ ಕಟ್ಟಿದವರಲ್ಲಿ ಒಬ್ಬರಾದ ಅವರೇ — ಈ ಐದು ಕಾಯಿಗಳ ಎಲ್ಲ ಸ್ಥಿತಿಗಳಿಗೂ ಹಿಂದಿನಿಂದ ಗುರುತು ಹಾಕುತ್ತಾ ಬರುವ ಕೆಲಸವನ್ನು ಕಂಪ್ಯೂಟರಿಗೆ ಹಚ್ಚಿದರು. ಉತ್ತರ ಬಂತು: ಕೆಲವು ಬಿಡಿ ಸ್ಥಿತಿಗಳನ್ನು ಬಿಟ್ಟರೆ ಒಂಟೆಗಳೇ ಗೆಲ್ಲುತ್ತವೆ. ಆ ಕೋಟೆಯೂ ಒಡೆಯುತ್ತದೆ. ಆದರೆ ದಾರಿ ದೀರ್ಘ, ಅತಿ ಕಷ್ಟದ ಸ್ಥಿತಿಯಿಂದ 66 ನಡೆಗಳು ಬೇಕು. ಕಾಯಿ ಹೊಡೆಯದೆ, ಕಾಲಾಳು ನಡೆಸದೆ 50 ನಡೆ ಕಳೆದರೆ ಡ್ರಾ ಕೇಳಬಹುದು ಎಂಬ ನಿಯಮವನ್ನೇ ಇಂಥ ಅಂತ್ಯದಾಟಗಳಿಗಾಗಿ ಕೆಲಕಾಲ ಸಡಿಲಿಸಿ, ಆಮೇಲೆ ಮತ್ತೆ 50ಕ್ಕೇ ಮರಳಿದರು.

ಹಲಗೆಯ ಮೇಲೆ ಇದ್ದದ್ದು ಐದೇ ಕಾಯಿ. ಅಷ್ಟರಲ್ಲೇ ಜಗತ್ತಿನ ಅತ್ಯುತ್ತಮ ಆಟಗಾರರ ಒಮ್ಮತ ತಪ್ಪಾಗಿತ್ತು. 32 ಕಾಯಿಗಳ ಬಗ್ಗೆ ನಮ್ಮ ಒಮ್ಮತಕ್ಕೆ ಎಷ್ಟು ಬೆಲೆ ಕೊಡಬೇಕು?

ಆ ಬಗೆಯ ಲೆಕ್ಕ ಈಗ ಏಳು ಕಾಯಿಗಳವರೆಗೆ ಬಂದಿದೆ. 2012ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಲೊಮೊನೊಸೊವ್ ಕೋಷ್ಟಕಗಳು ಸಿದ್ಧವಾದವು. 2018ರಲ್ಲಿ ಸಿಝಿಜಿ ಎಂಬ ಇನ್ನಷ್ಟು ಅಡಕವಾದ ಕೋಷ್ಟಕಗಳು ಪೂರ್ಣಗೊಂಡವು. ಇದರಲ್ಲಿರುವ ಸ್ಥಿತಿಗಳು ಸುಮಾರು 424 ಲಕ್ಷ ಕೋಟಿ. ಏಳು ಕಾಯಿಗಳ ಒಂದು ಸ್ಥಿತಿಯಲ್ಲಿ, ಎರಡೂ ಕಡೆ ತಪ್ಪಿಲ್ಲದೆ ಆಡಿದರೆ ಮೇಟ್ ಆಗಲು 549 ನಡೆ ಬೇಕು. ಆ ನಡೆಗಳನ್ನು ಗ್ರಾಂಡ್‌ಮಾಸ್ಟರ್‌ಗಳು ನೋಡಿದರೂ ಬಹುಭಾಗ ಅರ್ಥವಾಗುವುದಿಲ್ಲ, ರಾಜ ಅತ್ತ ಹೋಗಿ ಇತ್ತ ಬರುತ್ತಾನೆ, ಏನೂ ಮುಂದುವರಿದಂತೆ ಕಾಣುವುದಿಲ್ಲ, ಆದರೆ ಪ್ರತಿ ನಡೆಯೂ ಮೇಟ್‌ನತ್ತ ಒಂದು ಹೆಜ್ಜೆ. ನನ್ನ ಅನುಮಾನಕ್ಕೆ ಬೇರು ಇಲ್ಲಿದೆ. ಬಿಳಿಗೆ ಗೆಲುವಿನ ದಾರಿ ಇದ್ದು, ಅದು ಈ ಜಾತಿಯದಾಗಿದ್ದರೆ, ನಾವಾಗಲಿ ಇಂದಿನ ಎಂಜಿನ್‌ಗಳಾಗಲಿ ಅದರ ಬಾಗಿಲ ಮುಂದೆಯೇ ನಿಂತು ‘ಇದು ಡ್ರಾ’ ಎನ್ನುತ್ತಿರಬಹುದು. ಎಂಜಿನ್ ಪರದೆಯ ಮೇಲೆ ತೋರಿಸುವ ಅಂಕ, ಅದು 0.00 ಆಗಿರಲಿ 0.30 ಆಗಿರಲಿ, ಒಂದು ಅಂದಾಜು. ಬಹಳ ಒಳ್ಳೆಯ ಅಂದಾಜು. ಆದರೂ ಅಂದಾಜೇ.

ಬೇರೆ ಆಟಗಳಲ್ಲಿ ಈ ಅಂದಾಜು ಎತ್ತ ತಿರುಗಿತು? ಹೊಡೆಯುವ ಅವಕಾಶವಿದ್ದರೆ ಹೊಡೆಯಲೇಬೇಕು, ತನ್ನ ಕಾಯಿಗಳನ್ನೆಲ್ಲ ಕಳೆದುಕೊಂಡವರೇ ಗೆದ್ದಂತೆ ಎಂಬ ಉಲ್ಟಾ ಚೆಸ್ ಒಂದಿದೆ. ಅದರಲ್ಲಿ ರಾಜನ ಮುಂದಿನ ಕಾಲಾಳನ್ನು ಒಂದೇ ಮನೆ ನಡೆಸಿ ಬಿಳಿ ಗೆಲ್ಲುತ್ತದೆ ಎಂದು 2016ರಲ್ಲಿ ಮಾರ್ಕ್ ವಾಟ್ಕಿನ್ಸ್ ಸಾಬೀತು ಮಾಡಿದರು. ಐದೈದು ಮನೆಗಳ ಪುಟ್ಟ ಹಲಗೆಯ ಗಾರ್ಡ್‌ನರ್ ಚೆಸ್ ಡ್ರಾ ಎಂದು 2013ರಲ್ಲಿ ತೀರ್ಮಾನವಾಯಿತು.

ದೊಡ್ಡ ಸಾಧನೆ ಮಾತ್ರ, ಒಂದೇ ಬಗೆಯ ಬಿಲ್ಲೆಗಳನ್ನು ಓರೆಯಾಗಿ ನಡೆಸಿ ಎದುರಾಳಿಯವನ್ನು ಹಾರಿ ಹೊಡೆಯುವ ಆಟವಾದ ಚೆಕರ್ಸ್‌ನದು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಜೋನಾಥನ್ ಶೆಫರ್ 1989ರಲ್ಲಿ ಶುರು ಮಾಡಿ, 2007ರಲ್ಲಿ ಚೆಕರ್ಸ್ ಡ್ರಾ ಎಂದು ಸಾಬೀತು ಮಾಡಿ ಮುಗಿಸಿದರು. ಅಲ್ಲಿ ಪರಿಣತರ ನಂಬಿಕೆ ನಿಜವಾಯಿತು. 1992ರಲ್ಲಿ ಮಹಾನ್ ಆಟಗಾರ ಮರಿಯನ್ ಟಿನ್ಸ್‌ಲಿ ಮತ್ತು ಶೆಫರ್ ಅವರ ಚಿನೂಕ್ ಪ್ರೋಗ್ರಾಮ್ ನಡುವಿನ ಪಂದ್ಯದಲ್ಲಿ 33 ಆಟಗಳು ಡ್ರಾ ಆಗಿದ್ದವು, ಟಿನ್ಸ್‌ಲಿ ನಾಲ್ಕು ಗೆದ್ದು ಎರಡು ಸೋತಿದ್ದರು. ಚೆಸ್ ಬಗ್ಗೆ ನಾನು ಡ್ರಾ ಕಡೆ ವಾಲುವುದಕ್ಕೆ ಈ ಸಾಮ್ಯವೂ ಒಂದು ಕಾರಣ.

ಹಾಗಾದರೆ ಚೆಸ್‌ಗೂ ಅದೇ ರೀತಿ ಯಾಕೆ ಮಾಡಬಾರದು? ಲೆಕ್ಕ ಹಾಕಿ ನೋಡೋಣ. ಚೆಕರ್ಸ್‌ನಲ್ಲಿ ಇರುವ ಸ್ಥಿತಿಗಳು 5ರ ಮುಂದೆ 20 ಸೊನ್ನೆ ಇಟ್ಟಷ್ಟು. ಶೆಫರ್ ಎಲ್ಲವನ್ನೂ ನೋಡಬೇಕಾಗಲಿಲ್ಲ. ‘ಬಿಳಿ ಸೋಲುವುದಿಲ್ಲ’ ಎಂದು ತೋರಿಸಲು ಬಿಳಿಗೆ ಪ್ರತಿ ಸಲ ಒಂದು ಒಳ್ಳೆಯ ನಡೆ ಸಿಕ್ಕರೆ ಸಾಕು, ಎದುರಾಳಿಯ ನಡೆಗಳನ್ನು ಮಾತ್ರ ಎಲ್ಲವನ್ನೂ ಪರಿಶೀಲಿಸಬೇಕು. ಕಪ್ಪಿನ ಪರವಾಗಿಯೂ ಹೀಗೆಯೇ. ಇದರಿಂದ ಕೆಲಸ ಎಷ್ಟೋ ಪಾಲು ಕುಗ್ಗುತ್ತದೆ. ಅವರ ಲೆಕ್ಕ 1ರ ಮುಂದೆ 14 ಸೊನ್ನೆಯಷ್ಟರಲ್ಲಿ ಮುಗಿಯಿತು.

ಚೆಸ್‌ನಲ್ಲಿ ನಿಯಮಬದ್ಧ ಸ್ಥಿತಿಗಳು, ಜಾನ್ ಟ್ರೊಂಪ್ ಅವರ ಅಂದಾಜಿನಂತೆ, 48ರ ಮುಂದೆ 43 ಸೊನ್ನೆ. ಎಲ್ಲವೂ ಅತ್ಯಂತ ಅನುಕೂಲಕರವಾಗಿ ನಡೆದರೆ ಈ ಸಂಖ್ಯೆಯ ವರ್ಗಮೂಲದಷ್ಟನ್ನು ನೋಡಿದರೆ ಸಾಕು ಎಂದು ಆಶಿಸಬಹುದು: ಸುಮಾರು 2ರ ಮುಂದೆ 22 ಸೊನ್ನೆ. ಸೆಕೆಂಡಿಗೆ 100 ಕೋಟಿ ಸ್ಥಿತಿ ನೋಡುವ ಯಂತ್ರಕ್ಕೆ ಇದು ಏಳು ಲಕ್ಷ ವರ್ಷದ ಕೆಲಸ. ಅಂಥ ಹತ್ತು ಲಕ್ಷ ಯಂತ್ರಗಳಿದ್ದರೆ ವರ್ಷದೊಳಗೆ ಮುಗಿಯುತ್ತದೆ! ಕೇಳಿದರೆ ಆಸೆ ಹುಟ್ಟುತ್ತದೆ. ಆದರೆ ಚೆಕರ್ಸ್ ನಮ್ಮ ಆಸೆಗೆ ತಣ್ಣೀರೆರಚುತ್ತದೆ. ಅಲ್ಲಿ ವರ್ಗಮೂಲಕ್ಕಿಂತ ಸಾವಿರಾರು ಪಟ್ಟು ಹೆಚ್ಚು ನೋಡಬೇಕಾಯಿತು. ಯಾವ ನಡೆ ಒಳ್ಳೆಯದೆಂದು ಮೊದಲೇ ಸರಿಯಾಗಿ ಊಹಿಸಲು ಯಾರಿಗೂ ಆಗದು. ಚೆಕರ್ಸ್‌ನ ಸೊನ್ನೆಗಳು 20ರಿಂದ 14ಕ್ಕೆ ಇಳಿದ ಅನುಪಾತವನ್ನೇ ಚೆಸ್‌ಗೆ ಹಿಗ್ಗಿಸಿದರೆ, ನನ್ನ ಒರಟು ಲೆಕ್ಕದಲ್ಲಿ, 1ರ ಮುಂದೆ 30 ಸೊನ್ನೆಯಷ್ಟು ಸ್ಥಿತಿಗಳು. ಆಗ ಅದೇ ಹತ್ತು ಲಕ್ಷ ಯಂತ್ರಗಳಿಗೆ ಮೂರು ಕೋಟಿ ವರ್ಷ ಬೇಕು. ನಡುವೆ ಸಿಕ್ಕ ಉತ್ತರಗಳನ್ನು ಎಲ್ಲಿ ಶೇಖರಿಸಿಡುವುದು ಎಂಬ ಪ್ರಶ್ನೆಯನ್ನು ನಾನಿನ್ನೂ ಎತ್ತಿಯೇ ಇಲ್ಲ.

ಆದ್ದರಿಂದ ಬರಿಯ ಬಲಪ್ರಯೋಗದಿಂದ ಇದು ಬಗೆಹರಿಯುತ್ತದೆಂದು ನನಗೆ ಅನ್ನಿಸುವುದಿಲ್ಲ. ಬೇಕಾಗಿರುವುದು ಎರಡೆರಡು ನಡೆಯ ಆಟದಲ್ಲಿ ಕುದುರೆ ಹೋಗಿ ಬಂತಲ್ಲ, ಅಂಥ ಹೊಳಹು. ಅಥವಾ ‘ಈ ಬಗೆಯ ಕೋಟೆ ಕಟ್ಟಿಕೊಂಡವರು ಸೋಲುವುದಿಲ್ಲ’ ಎಂದು ಕೋಟ್ಯಂತರ ಸ್ಥಿತಿಗಳಿಗೆ ಒಟ್ಟಿಗೆ ಅನ್ವಯಿಸುವ, ಕಟ್ಟುನಿಟ್ಟಾಗಿ ಸಾಬೀತಾದ ಸೂತ್ರಗಳು. ಡ್ರಾ ಸಾಬೀತಾಗುವುದಿದ್ದರೆ ಈ ಎರಡನೆಯ ದಾರಿಯಿಂದ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಡ್ರಾ ಎಂದರೆ ಕೊನೆಗೆ ಯಾವುದೋ ಒಂದು ಕೋಟೆಯೊಳಗೆ ಸೇರಿಕೊಳ್ಳುವುದೇ.

ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದಳು: ‘ಪೂರ್ತಿ ಆಟ ಬಿಡಿ, ಚಿಕ್ಕದಾಗಿ ಶುರು ಮಾಡುವುದಾದರೆ ಎಲ್ಲಿಂದ?’

ಕೆಟ್ಟ ನಡೆಗಳಿಂದ ಶುರು ಮಾಡಬೇಕು ಎಂದೆ. ಬಿಳಿ ಮೊದಲು ಎಫ್ ಸಾಲಿನ ಕಾಲಾಳನ್ನು ಒಂದು ಮನೆ ನಡೆಸಿ, ಕಪ್ಪು ತನ್ನ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ನಡೆಸಿದ ಮೇಲೆ, ಜಿ ಸಾಲಿನ ಕಾಲಾಳನ್ನು ಎರಡು ಮನೆ ನೂಕಿದರೆ, ಕಪ್ಪು ರಾಣಿ ಎಚ್4ಕ್ಕೆ ಬಂದು ಮೇಟ್. ಅದು ಸಾಬೀತಾದ ಸೋಲು, ಮಕ್ಕಳಿಗೂ ಗೊತ್ತು. ಈಗ ಮೊದಲ ನಡೆಯಲ್ಲೇ ಜಿ ಸಾಲಿನ ಕಾಲಾಳನ್ನು ಎರಡು ಮನೆ ನೂಕುವುದನ್ನು ತೆಗೆದುಕೊಳ್ಳಿ. ಬಿಳಿಯ ಆರಂಭದ ನಡೆಗಳಲ್ಲಿ ಅತ್ಯಂತ ಕೆಟ್ಟದ್ದೆಂದು ಎಂಜಿನ್‌ಗಳು ಹೇಳುವುದು ಅದನ್ನೇ. ಕಪ್ಪು ಅದರ ವಿರುದ್ಧ ಖಚಿತವಾಗಿ ಗೆಲ್ಲುತ್ತದೆಯೇ ಎಂಬುದು ಮಾತ್ರ ಸಾಬೀತಾಗಿಲ್ಲ. ಗೆಲುವೇ ಆಗಿದ್ದರೆ ಅದನ್ನು ತೋರಿಸಲು ಕಪ್ಪಿಗೆ ಪ್ರತಿ ಸಲ ಒಂದೇ ನಡೆ ಸಾಕು. ಬಿಳಿಯ ಪ್ರತಿಯೊಂದು ಪ್ರತಿರೋಧವನ್ನೂ ಹಿಂಬಾಲಿಸಿ, ಮೇಟ್‌ವರೆಗೋ ಏಳು ಕಾಯಿಗಳ ಕೋಷ್ಟಕದವರೆಗೋ ತಲುಪಿಸಬೇಕು. ಅದೂ ಇಂದಿನ ಯಂತ್ರಗಳ ಅಳವಿಗೆ ಮೀರಿದ್ದು, ಆದರೆ ಪೂರ್ತಿ ಆಟಕ್ಕಿಂತ ಎಷ್ಟೋ ಹತ್ತಿರದ್ದು. ಬಿಳಿಗೆ ಮೊದಲ ಸರದಿಯಲ್ಲಿ ಆಡಲು ಇರುವುದು 20 ನಡೆಗಳು. ಅವುಗಳಲ್ಲಿ ಒಂದಕ್ಕೂ ಇವತ್ತಿನವರೆಗೆ ಸಾಬೀತಾದ ಉತ್ತರ ಇಲ್ಲ. ನೀನು ಈ ಕೆಲಸಕ್ಕೆ ಇಳಿಯುವುದಾದರೆ ಆ ಕಾಲಾಳಿನಿಂದಲೇ ಶುರು ಮಾಡು ಎಂದು ಅವಳಿಗೆ ಹೇಳಿದೆ.